ಮೈಸೂರಿಂದ ಬಂದವಳು ಹಿಂದಿ ಯಾಕೆ ಮಾತಾಡ್ತಾಳೆ?

ಮೊದಲೇ ಹೇಳಿಬಿಡ್ತೀನಿ ರಸಿಕ ಮಿತ್ರರೇ, ಈ ವಾರ ಹೀರೋ ಇಲ್ಲ, ಹೀರೋಯಿನ್ ಇಲ್ಲ, ಫೈಟಿಂಗ್ ಅಂತೂ ಇಲ್ಲವೇ ಇಲ್ಲ. ಈ ವಾರದ್ದು ರಾಕ್ ಬ್ಯಾಂಡ್ ಸಮಾಚಾರ. "ನಿಮ್ಮೂರಿನ ಹೆಸರಲ್ಲೇ ರಾಕ್ ಇದೆಯಲ್ಲೋ" ಅಂತ ಜೋಕು ಹೊಡೆಯೋರು ಈಗಲೇ ಹೊಡೆದು ಮುಗಿಸಿಬಿಡಿ. ಕ್ಯಾಸಲ್‌ರಾಕ್‌ನವರಿಗೆ ಆ ಜೋಕು ಎಂದೋ ಹಳಸಿಹೋಗಿದೆ.

ಸಿನಿಮಾ ಪತ್ರಿಕೆಯಲ್ಲಿ ಬ್ಯಾಂಡಿಗೇನು ಕೆಲಸ ಅಂತ ಕೇಳೋರಿಗೆ ಒಂದೇ ಉತ್ತರ: ಶಂಕರ್‌ನಾಗ್. ನಮ್ಮ ಜಿಲ್ಲೆಯ ಹೊನ್ನಾವರದಲ್ಲಿ ಹುಟ್ಟಿದ ಶಂಕರ್ 1981ರಲ್ಲಿ 'ಗೀತಾ' ಚಿತ್ರವನ್ನು ತಾವೇ ನಿರ್ದೇಶಿಸಿ, ಹಾಡುಗಾರನ ಪಾತ್ರದಲ್ಲಿ ತಾವೇ ಕುಣಿದರು. ಸಂಗೀತ ಇಳಯರಾಜಾ, ಕಂಠ ಎಸ್.ಪಿ. ಬಾಲಸುಬ್ರಹ್ಮಣ್ಯಂ. 'ಸಂತೋಷಕ್ಕೆ' ಹಾಡು ಬಂದರೆ ಇವತ್ತಿಗೂ ಮದುವೆ ಚಪ್ಪರದಲ್ಲಿ ಅಜ್ಜಂದಿರ ಕಾಲು ಕೂಡ ಸುಮ್ಮನಿರೋದಿಲ್ಲ. ಸ್ಟೇಜು, ಲೈಟು, ಎದುರಿಗೆ ಕೇಕೆ ಹಾಕೋ ಜನ... ನಮ್ಮ ಪಡ್ಡೆ ಹುಡುಗರ ತಲೆಯಲ್ಲಿ 'ಸಿಂಗರ್ ಹೀರೋ' ಅನ್ನೋ ಹುಚ್ಚು ಹೊಕ್ಕಿದ್ದೇ ಅಲ್ಲಿಂದ. ಆದರೆ ಸ್ವಾಮೀ, ಅದು ಪ್ಲೇಬ್ಯಾಕು. ಶಂಕರ್ ತುಟಿ ಆಡಿಸಿದರು, ಎಸ್‌ಪಿಬಿ ಹಾಡಿದರು. ತಪ್ಪೇನಿಲ್ಲ, ಸಿನಿಮಾ ಇರೋದೇ ಹಾಗೆ. ಆದರೆ ಹಾಡೋನೇ ಕುಣಿದು, ಕುಣಿಯೋನೇ ಬಾರಿಸಿ, ಬಾರಿಸೋನೇ ಬೆವರೊರೆಸಿಕೊಂಡು ಜನರ ಜೊತೆ ಮಾತಾಡೋ ಕನ್ನಡದ 'ಗೀತಾ' ನಿಜದಲ್ಲಿ ಸಿಗೋದಕ್ಕೆ ಎಷ್ಟೋ ವರ್ಷ ಕಾಯಬೇಕಾಯ್ತು.

ಸಿಕ್ಕಿದವರು ಮೈಸೂರಿನ ರಘು ದೀಕ್ಷಿತ್.

ಓದಿದ್ದು ಮೈಕ್ರೋಬಯಾಲಜಿ ಎಂ.ಎಸ್ಸಿ., ಅದೂ ಚಿನ್ನದ ಪದಕದೊಂದಿಗೆ. ಕಲಿತದ್ದು ಭರತನಾಟ್ಯ. ಕೈಗೆ ಬಂದದ್ದು ಗಿಟಾರು. ಎಂಥ ಕಾಂಬಿನೇಷನ್ ನೋಡಿ! ನಮ್ಮ ಕಥೆಗಾರರು ಇಂಥ ಪಾತ್ರ ಬರೆದರೆ "ಏನ್ರೀ ಇದು, ನಂಬೋ ಹಂಗೆ ಬರೀರಿ" ಅಂತ ನಿರ್ಮಾಪಕ ಕಾಗದ ಹರಿದು ಹಾಕ್ತಾನೆ. ಮೊದಲು 'ಅಂತರಾಗ್ನಿ' ಅನ್ನೋ ಬ್ಯಾಂಡು, ಆಮೇಲೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ಕ್ಯಾಸೆಟ್ ಕಂಪನಿಗಳ ಬಾಗಿಲು ವರ್ಷಗಟ್ಟಲೆ ತಟ್ಟಿದರೂ ತೆರೆಯಲಿಲ್ಲ. ಕೊನೆಗೆ ಮುಂಬೈಯಲ್ಲಿ ಇವರ ಹಾಡು ಕೇಳಿದ ಹಿಂದಿ ಸಂಗೀತ ನಿರ್ದೇಶಕರ ಜೋಡಿ ವಿಶಾಲ್-ಶೇಖರ್ ತಮ್ಮದೇ ಕಂಪನಿಯಿಂದ 2008ರಲ್ಲಿ ಮೊದಲ ಆಲ್ಬಂ ತಂದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಟಿವಿ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಬಿಳಿಯರ ನಾಡಿನ ಕೆಸರುಗದ್ದೆಯಂಥ ಮೈದಾನ ಕುಣಿಸಿ ಬಂದ ಗಂಡು!

ಇಷ್ಟು ಹೊಗಳಿಕೆ ಸಾಕು. ಈಗ ಜಗಳ.

ಆ ಮೊದಲ ಆಲ್ಬಂ ತೆಗೆದು ಎಣಿಸಿ. ಎಂಟು ಹಾಡು. ಕನ್ನಡದ್ದು ಎಷ್ಟು? ಎರಡು! 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. ಎರಡೂ ಶಿಶುನಾಳ ಶರೀಫರ ಪದ. ಇಂಗ್ಲಿಷಿನದ್ದೊಂದು. ಉಳಿದ ಐದೂ ಹಿಂದಿ. ಅದರಲ್ಲೊಂದರ ಹೆಸರು 'ಮೈಸೂರ್ ಸೇ ಆಯೀ'. ಮೈಸೂರಿಂದ ಬಂದವಳ ಮೇಲಿನ ಹಾಡು, ಹಾಡಿದವರು ಮೈಸೂರಿನವರು, ಭಾಷೆ ಮಾತ್ರ ಹಿಂದಿ! ದೇವರಾಜ ಮಾರ್ಕೆಟ್‌ನಲ್ಲಿ ಮಲ್ಲಿಗೆ ಕೊಳ್ಳೋಕೆ ಹೋದ ಹುಡುಗಿ ಯಾವತ್ತು ಹಿಂದಿ ಮಾತಾಡಿದ್ಲು, ಹೇಳ್ರಿ ನೋಡೋಣ?

ಇದು ಇವರೊಬ್ಬರದೇ ಕಥೆಯಲ್ಲ. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ 'ಸ್ವರಾತ್ಮ' ಬ್ಯಾಂಡ್ ಇದೆ. ಮೊದಲ ಆಲ್ಬಂ 2009ರಲ್ಲಿ, ಎರಡನೆಯದು 'ಟೋಪಿವಾಲೆ' 2012ರಲ್ಲಿ. ಸೊಂಟಕ್ಕೆ ಬಣ್ಣದ ಕುದುರೆ ಕಟ್ಟಿಕೊಂಡು, ಥೇಟ್ ನಮ್ಮ ಜಾತ್ರೆಯ ಕೀಲುಕುದುರೆ ಹಾಗೆ ವಾಸು ಸ್ಟೇಜಿಗೆ ನುಗ್ಗಿದರೆ ಮಕ್ಕಳಿಗಿಂತ ಮೊದಲು ದೊಡ್ಡವರೇ ಸೀಟು ಬಿಟ್ಟು ಏಳ್ತಾರೆ. ಪಿಟೀಲಿದೆ, ಢೋಲಿದೆ, ಕನ್ನಡದ 'ಈ ಭೂಮಿ' ಕೂಡ ಇದೆ. ಆದರೆ ಕಾವೇರಿ ನೀರಿನ ಜಗಳದ ಮೇಲೆ ಕಟ್ಟಿದ ಹಾಡಿನ ಹೆಸರು 'ಪ್ಯಾಸೀ'! ಕೊಡಗಿನಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ಸಮುದ್ರ ಸೇರೋ ನದಿಗೆ ಬಾಯಾರಿದ್ದು ಹಿಂದಿಯಲ್ಲಿ. ನಗಬೇಕೋ ಅಳಬೇಕೋ.

ಇದನ್ನೇ ಒಂದು ಸಂಜೆ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಎತ್ತಿದೆ. ನನ್ನ ಗೆಳೆಯನೊಬ್ಬನಿದ್ದಾನೆ, ರೈಲ್ವೆಯವನು. ಅಪ್ಪ ಮರಾಠಿ, ಅವ್ವ ಕೊಂಕಣಿ, ಕಲಿತದ್ದು ಕನ್ನಡ ಶಾಲೆ, ಡ್ಯೂಟಿ ಮಾಡೋದು ಹಿಂದಿಯಲ್ಲಿ. ಅವ ನಕ್ಕ.

"ಅಲ್ಲಲೇ, ನೀ ಯಾವೂರಾಗ ಕುಂತು ಈ ಮಾತು ಆಡಾಕತ್ತೀ? ಈ ಪ್ಲಾಟ್‌ಫಾರಂನಾಗ ಒಂದು ತಾಸು ನಿಲ್ಲು. ಎಷ್ಟು ಭಾಷಾ ಕೇಳಸ್ತಾವ ಎಣಿಸು. ನಿಂಗ ಮಾತ್ರ ಹಾಡು ಒಂದ ಭಾಷಾದಾಗ ಬೇಕೇನು?"

ಮಾತು ಸುಳ್ಳಲ್ಲ. ಪೋರ್ಚುಗೀಸರ ರೈಲು 1888ರಲ್ಲಿ ಮುರಗಾಂವ್ ಬಂದರಿನಿಂದ ಹತ್ತಿ ಬಂದು ಗಡಿ ಮುಟ್ಟಿದ್ದು ಇಲ್ಲೇ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆ ಆಗೋವರೆಗೂ ಇದು ಗಡಿ ಸ್ಟೇಷನ್ನು, ಕಸ್ಟಮ್ಸ್ ಪೆಟ್ಟಿಗೆ ಬಿಚ್ಚಿಸೋ ಜಾಗ. ಇವತ್ತಿಗೂ ಘಟ್ಟ ಹತ್ತೋ ಗಾಡಿಗೆ ಹಿಂದಿನಿಂದ ತಳ್ಳೋಕೆ ಬ್ಯಾಂಕರ್ ಇಂಜಿನ್ ಬೇಕು. 37 ಅಡಿ ಹೋದರೆ ಒಂದು ಅಡಿ ಏರು. ಆ ಇಂಜಿನ್‌ಗಳಿಗೆ ಎಲ್ಲ ಕಡೆಯ ಡ್ರೈವರ್‌ಗಳು ಬರ್ತಾರೆ. ಇಂಥ ಊರಲ್ಲಿ ಹುಟ್ಟಿದವನಿಗೆ ಭಾಷೆಯ ಮಡಿ ಇರೋಕೆ ಸಾಧ್ಯವೇ ಇಲ್ಲ. ನನಗೂ ಇಲ್ಲ. ಹಿಂದಿ ಹಾಡು ಬ್ಯಾಡ ಅನ್ನೋದು ನನ್ನ ಮಾತಲ್ಲ. ಕಿಶೋರ್ ಕುಮಾರ್ ಇಲ್ಲದೆ ನನ್ನ ರಾತ್ರಿ ಪಾಳಿ ಮುಗಿಯೋದೇ ಇಲ್ಲ.

ನನ್ನ ಮಾತು ಬೇರೆ. ಅದು ಕಿವಿಗೆ ಸಂಬಂಧಪಟ್ಟದ್ದು.

ರಘು ದೀಕ್ಷಿತ್ ಆಲ್ಬಂ ಕೇಳಿದವರು ಲೈವ್ ನೋಡಿರೋದಿಲ್ಲ, ಲೈವ್ ನೋಡಿದವರು ಆಮೇಲೆ ಆಲ್ಬಂ ಕೇಳೋಕೆ ಆಗೋದಿಲ್ಲ. ಆಲ್ಬಂನಲ್ಲಿ ಎಲ್ಲವೂ ಇಸ್ತ್ರಿ ಮಾಡಿಟ್ಟ ಹಾಗೆ. ಪಿಟೀಲು ಒಂದು ಕಡೆ, ಗಿಟಾರು ಒಂದು ಕಡೆ, ದನಿ ನಡುವೆ. ಚೆನ್ನಾಗಿಲ್ಲ ಅಂತಲ್ಲ. ಕ್ಯಾಸಲ್‌ರಾಕ್‌ನಿಂದ ಕುಳೇಂ ಕಡೆ ಇಳಿಯುವಾಗ ಒಂದರ ಹಿಂದೊಂದು ಸುರಂಗ, ಫೋನಿನಲ್ಲಿ ಸಿಗ್ನಲ್ಲೇ ಇರೋದಿಲ್ಲ. ಅದಕ್ಕೇ ನಾನು ಇನ್ನೂ ಮೆಮೊರಿ ಕಾರ್ಡಿನಲ್ಲಿ ಹಾಡು ತುಂಬಿಟ್ಟುಕೊಳ್ಳೋ ಜಾತಿಯವನು. ದೂಧ್‌ಸಾಗರದ ನೀರಿನ ಪಕ್ಕ ಗಾಡಿ ಹೋಗುವಾಗ 'ಹೇ ಭಗವಾನ್' ಕಿವಿಯಲ್ಲಿ ಇದ್ದರೆ ಹಿತವೇ. ಆದರೆ ಹಿತ, ಅಷ್ಟೇ. ಗಾಡಿ ಇಳಿದ ಮೇಲೆ ನೆನಪಿರೋದು ನೀರೇ ಹೊರತು ಹಾಡಲ್ಲ.

ಲೈವ್ ಬೇರೆಯೇ ಜಾತ್ರೆ. ಬೆಂಗಳೂರಿನ ಒಂದು ಕಾಲೇಜು ಮೈದಾನ. ರಾತ್ರಿಯಿಡೀ ಜನರಲ್ ಬೋಗಿಯಲ್ಲಿ ನಿಂತು ಹೋಗಿದ್ದೆ, ಕಾಲು ಊದಿಕೊಂಡಿತ್ತು. ಮೊದಲ ಎರಡು ಹಾಡು ಹಿಂದಿ. ಹುಡುಗರು ತಲೆ ಆಡಿಸಿದರು, ಫೋನು ಮೇಲೆತ್ತಿ ವಿಡಿಯೋ ಹಿಡಿದರು, ಹುಡುಗಿಯರು ಮುಂದೆ ಇದ್ದಾರೋ ಹಿಂದೆ ಇದ್ದಾರೋ ಅಂತ ನೋಡಿಕೊಂಡರು. ಎಲ್ಲ ಮಾಮೂಲು. ಮೂರನೆಯದು ಶರೀಫರದ್ದು. ಶುರುವಿಗೆ ಬರೀ ಗೆಜ್ಜೆ ಸದ್ದು. ಆಮೇಲೆ ಪಲ್ಲವಿ. ಅಷ್ಟೇ ಸ್ವಾಮೀ, ಫೋನುಗಳು ಕೆಳಗಿಳಿದವು! ಯಾಕೆಂದರೆ ಎರಡೂ ಕೈ ಬೇಕಾಗಿತ್ತು, ತಾಳಕ್ಕೆ. ನನ್ನ ಪಕ್ಕದ ಹುಡುಗನಿಗೆ ಕನ್ನಡವೇ ಬರ್ತಿರಲಿಲ್ಲ, ಬಿಹಾರದವನಂತೆ. ಎರಡನೇ ಸಲ ಪಲ್ಲವಿ ಬಂದಾಗ ಅವನೂ ಬಾಯಿ ತೆರೆದ. ಮೂರನೇ ಸಲಕ್ಕೆ ಸ್ಟೇಜಿನ ಮೇಲೆ ಹಾಡು ನಿಲ್ಲಿಸಿದರು, ಮೈದಾನ ಹಾಡಿತು.

ಇದು ಹೇಗೆ ಆಗತ್ತೆ? ಸುಮಾರು ದಿನ ತಲೆ ಕೆಡಿಸಿಕೊಂಡೆ. ಉತ್ತರ ಸಿಕ್ಕಿದ್ದು ಯಾವ ಮ್ಯೂಸಿಕ್ ಪುಸ್ತಕದಲ್ಲೂ ಅಲ್ಲ, ನಮ್ಮ ಕಡೆಯ ಭಜನೆಯಲ್ಲಿ. ಹುಬ್ಬಳ್ಳಿ-ಧಾರವಾಡ ಕಡೆ ಭಜನಾ ಮೇಳ ನೋಡಿದವರಿಗೆ ಗೊತ್ತು. ಮುಂದಿನವ ಪಲ್ಲ ಹಿಡೀತಾನೆ, ಹಿಂದಿನವರು ಎತ್ತಿಕೊಳ್ತಾರೆ. ಮುಂದಿನವ ನುಡಿ ಹೇಳಿ ಉಸಿರು ತಗೊಳ್ಳೋ ಜಾಗದಲ್ಲಿ ಹಿಂದಿನವರ ದನಿ ಬಂದು ಕೂಡತ್ತೆ. ಅಂದರೆ ಪದದಲ್ಲೇ ಬೇರೆಯವರಿಗೆ ಅಂತ ಜಾಗ ಬಿಟ್ಟಿರ್ತಾರೆ! ಶರೀಫರು ಪದ ಕಟ್ಟಿದ್ದು ಒಬ್ಬನೇ ಮೈಕ್ ಹಿಡಿದು ಹಾಡಲಿ ಅಂತ ಅಲ್ಲ; ಕಟ್ಟೆ ಮೇಲೆ ಕೂತ ಹತ್ತು ಮಂದಿ ಹಾಡಲಿ ಅಂತ. ಆ ಜಾಗ ಇವತ್ತಿಗೂ ಪದದಲ್ಲಿ ಹಾಗೇ ಇದೆ. ಅಲ್ಲಿ ಹತ್ತು ಮಂದಿಯಾದರೂ ಹೊಗಬಹುದು, ಹತ್ತು ಸಾವಿರ ಮಂದಿಯಾದರೂ ಹೊಗಬಹುದು.

ಆ ಐದು ಹಿಂದಿ ಹಾಡಿನಲ್ಲಿ ಈ ಜಾಗ ಇಲ್ಲ. ಅವು ಒಬ್ಬನ ವಿರಹ, ಒಬ್ಬನ ಕಿಟಕಿ, ಒಬ್ಬನ ಆಕಾಶ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳೋಕೆ ಕಟ್ಟಿದವು. ಕೇಳಬಹುದು, ಒಳಗೆ ಹೋಗೋಕೆ ಆಗೋದಿಲ್ಲ. ಇದು ಹಿಂದಿಯ ತಪ್ಪಲ್ಲ, ಹಿಂದಿಯಲ್ಲಿ ಕಬೀರನ ಪದ ಹಾಡಿದರೆ ಆ ಜಾಗ ಅಲ್ಲೂ ಸಿಕ್ಕತ್ತೆ. ಆದರೆ ಮುಂಬೈ ಮಾರ್ಕೆಟ್ಟಿಗೆ ಅಂತ ಬರೆಸಿದ ಹಿಂದಿಯಲ್ಲಿ ಕಬೀರನೂ ಇಲ್ಲ, ಮೈಸೂರೂ ಇಲ್ಲ.

ಹಾಗಂತ ಶರೀಫರ ಪದವನ್ನು ಸ್ಟೇಜಿಗೆ ತಂದವರಲ್ಲಿ ರಘು ಮೊದಲಿಗರೇನಲ್ಲ. ಆ ದಾರಿ ಕಡಿದವರು ಸಿ. ಅಶ್ವಥ್. 1990ರ 'ಸಂತ ಶಿಶುನಾಳ ಶರೀಫ' ಯಾರು ಮರೆತಾರು! ನಾಗಾಭರಣ ನಿರ್ದೇಶನ, ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಅಶ್ವಥ್. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂದ ಚಿತ್ರ ಅದು. ಅದೇ ಅಶ್ವಥ್ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಮಾಡಿದಾಗ ಕಣ್ಣು ಹಾಯೋವರೆಗೂ ತಲೆಗಳು. ಯಾವ ಸ್ಟಾರ್ ಇರಲಿಲ್ಲ, ಯಾವ ಫೈಟಿಂಗ್ ಇರಲಿಲ್ಲ, ಭಾವಗೀತೆ ಕೇಳೋಕೆ ಅಷ್ಟು ಜನ! ಗಿಟಾರು ಹಿಡಿಯಲಿಲ್ಲ ಅನ್ನೋದು ಬಿಟ್ಟರೆ ಅಶ್ವಥ್‌ಗಿಂತ ದೊಡ್ಡ ರಾಕ್ ಸ್ಟಾರ್ ಕನ್ನಡದಲ್ಲಿ ಹುಟ್ಟಿಲ್ಲ ಅಂತ ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳ್ತೀನಿ. ಆ ಗಂಟಲು ನೆನಪು ಮಾಡ್ಕೊಳ್ಳಿ. ಮೈಕ್ ಬೇಕಿತ್ತೇ ಆ ಮನುಷ್ಯನಿಗೆ?

ರಘು ಮಾಡಿದ ಹೊಸದೇನು ಅಂದರೆ, ಅಶ್ವಥ್ ಕೂತು ಕೇಳಿಸಿದ್ದನ್ನು ಇವರು ಎದ್ದು ಕುಣಿಸಿದರು. 'ಸೋರುತಿಹುದು' ಹಾಡನ್ನು ಅಶ್ವಥ್ ದನಿಯಲ್ಲಿ ಕೇಳಿದರೆ ಎದೆ ಭಾರ. ರಘು ದನಿಯಲ್ಲಿ ಕೇಳಿದರೆ ಮಳೆಯಲ್ಲಿ ನೆನೆಯೋಣ ಅನ್ಸತ್ತೆ. ಯಾವುದು ಸರಿ ಅಂತ ನನ್ನನ್ನು ಕೇಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಕೆಳಗೆ ಪಾತೇಲಿ, ಬಕೀಟು ಇಟ್ಟು ಮಲಗೋ ಕ್ಯಾಸಲ್‌ರಾಕ್‌ನವರಿಗೆ ಆ ಪದದಲ್ಲಿ ವೇದಾಂತಕ್ಕಿಂತ ಮೊದಲು ಮಾಳಿಗೆಯೇ ಕಾಣೋದು!

ಎರಡನೇ ಆಲ್ಬಂ 'ಜಗ್ ಚಂಗಾ' ಬಂದದ್ದು 2013ರಲ್ಲಿ, ಐದು ವರ್ಷದ ಮೇಲೆ. ಹೆಸರೇ ಪಂಜಾಬಿ. ನನಗೆ ಅದರಲ್ಲಿ ಹತ್ತು ಸಲ ಕೇಳಬೇಕು ಅನ್ನಿಸಿದ್ದು ಮತ್ತೆ ಶರೀಫರದ್ದೇ, 'ಲೋಕದ ಕಾಳಜಿ'. ಊರಿನ ಚಿಂತೆಯೆಲ್ಲ ತಲೆ ಮೇಲೆ ಹೊತ್ತು ತಿರುಗೋನನ್ನು ಛೇಡಿಸೋ ಪದ ಅದು. ಸ್ಟೇಜಿನ ಮೇಲೆ ಅದನ್ನು ಶುರು ಮಾಡೋಕೆ ಮೊದಲು ಶರೀಫರು ಯಾರು ಅಂತ ಕನ್ನಡ ಬಾರದವರಿಗೂ ಬಿಡಿಸಿ ಹೇಳಿದರು, ಅದು ನನಗೆ ಬಹಳ ಹಿಡಿಸಿತು. ಉಳಿದ ಹಾಡುಗಳ ಬಗ್ಗೆ... ಬಿಡಿ, ಒಂದು ಸಲ ಕೇಳಿದೆ.

"ಹಂಗಾದ್ರ ಕನ್ನಡದಾಗ ಹಾಡಿದ್ರ ಹೊಟ್ಟಿ ತುಂಬತೈತೇನು?" ಅಂತ ಗೆಳೆಯ ಕೇಳಿದ. ಇದಕ್ಕೆ ಸಿನಿಮಾದಲ್ಲೇ ಉತ್ತರ ಇದೆ. 2008ರ 'ಸೈಕೋ' ಚಿತ್ರ ನೆನಪಿದೆಯೇ? ಕಥೆ ನೆನಪಿಲ್ಲದಿದ್ದರೂ ಮಾದೇಶ್ವರನ ಹಾಡು ನೆನಪಿರತ್ತೆ, ಅದು ರಘು ಸಂಗೀತ. 2010ರಲ್ಲಿ ಸುದೀಪ್ ನಿರ್ದೇಶಿಸಿ ನಟಿಸಿದ 'ಜಸ್ಟ್ ಮಾತ್ ಮಾತಲ್ಲಿ'. ಅದರ 'ಮುಂಜಾನೆ ಮಂಜಲ್ಲಿ' ಹಾಡು ಬಸ್ಸು, ಟೆಂಪೋ, ಹಜಾಮರ ಅಂಗಡಿ ಒಂದನ್ನೂ ಬಿಡಲಿಲ್ಲ. 2020ರ 'ಲವ್ ಮಾಕ್‌ಟೇಲ್', 2023ರ 'ಆರ್ಕೆಸ್ಟ್ರಾ ಮೈಸೂರು' ಎರಡಕ್ಕೂ ಇವರದ್ದೇ ಸಂಗೀತ. ಅಂದರೆ ಕನ್ನಡದಲ್ಲಿ ಕೇಳೋರಿದ್ದಾರೆ! ಸಿನಿಮಾಕ್ಕೆ ಕನ್ನಡ ನಡೀತದೆ, ಆಲ್ಬಂಗೆ ಯಾಕೆ ನಡೆಯೋದಿಲ್ಲ?

ಪಕ್ಕದ ಗೋವಾ ನೋಡಿ. ನಮಗೆ ಎರಡು ಸುರಂಗ ದಾಟಿದರೆ ಗೋವಾ. ಅಲ್ಲಿ ರೆಮೋ ಫರ್ನಾಂಡಿಸ್ 1984ರಲ್ಲಿ 'ಗೋವನ್ ಕ್ರೇಜಿ' ಕ್ಯಾಸೆಟ್ ಮಾಡಿದ್ದು ಸಿಯೋಲಿಮ್‌ನ ಮನೆಯಲ್ಲಿ. ಯಾವ ಮುಂಬೈ ಕಂಪನಿಯ ಬಾಗಿಲೂ ಕಾಯಲಿಲ್ಲ. ಗೋವಾದ ಹಾಡನ್ನು ಗೋವಾದವನ ಹಾಗೇ ಹಾಡಿದರು. ಮೂರು ವರ್ಷದ ಮೇಲೆ 'ಜಲ್ವಾ' ಚಿತ್ರಕ್ಕೆ ಹಿಂದಿಯವರೇ ಹುಡುಕಿಕೊಂಡು ಬಂದರು. 1995ರಲ್ಲಿ ಮಣಿರತ್ನಂ ಚಿತ್ರ 'ಬಾಂಬೆ'ಯ 'ಹಮ್ಮಾ ಹಮ್ಮಾ' ಹಾಡಿದಾಗಲೂ ಆ ದನಿಯಲ್ಲಿ ಗೋವಾ ಹಾಗೇ ಇತ್ತು. ಮೊದಲು ಮನೆ, ಆಮೇಲೆ ಮಾರ್ಕೆಟ್ಟು. ನಮ್ಮವರದ್ದು ಉಲ್ಟಾ ಆಯ್ತು ಅನ್ನೋದೇ ನನ್ನ ತಕರಾರು.

ಗೆಳೆಯ ಅದಕ್ಕೂ ಬಿಡಲಿಲ್ಲ. "ಬಾಗಿಲಾ ತೆಗದಾಂವ ಮುಂಬೈಯವ. ತೆಗದಾಂವನ ಭಾಷಾದಾಗ ನಾಕು ಮಾತ ಆಡೂದು ಸೌಜನ್ಯ ಲೇ." ಈ ಮಾತು ನನಗೆ ಸ್ವಲ್ಪ ನಾಟಿತು, ಒಪ್ಪಿಕೊಳ್ತೀನಿ. ಬೆಂಗಳೂರಿನ ದೊಡ್ಡ ದೊಡ್ಡ ಆಡಿಯೋ ಕಂಪನಿಗಳು ಹೀರೋ ಮುಖ ಇಲ್ಲದ ಕ್ಯಾಸೆಟ್ಟನ್ನು ಮುಟ್ಟುತ್ತಲೇ ಇರಲಿಲ್ಲ. ಭಕ್ತಿಗೀತೆ, ಭಾವಗೀತೆ, ಜನಪದ, ಅಷ್ಟಕ್ಕೇ ಕನ್ನಡದಲ್ಲಿ ಕಪಾಟು. ಗಿಟಾರು ಹಿಡಿದ ಹುಡುಗನನ್ನು ಇಡೋದಕ್ಕೆ ಕಪಾಟೇ ಇರಲಿಲ್ಲ. ಹೀಗಿರುವಾಗ ಎಂಟರಲ್ಲಿ ಎರಡಾದರೂ ಕನ್ನಡ ಉಳಿಸಿಕೊಂಡರಲ್ಲ, ಅದಕ್ಕೆ ಶಾಭಾಸ್ ಅನ್ನಬೇಕು. ಆದರೆ ಆ ಎರಡರ ಬಲದ ಮೇಲೇ ಲೈವ್ ಶೋ ನಿಂತಿದೆ ಅನ್ನೋದು ಸ್ಟೇಜ್ ಮೇಲೆ ನಿಂತವರಿಗೆ ನಮಗಿಂತ ಚೆನ್ನಾಗಿ ಗೊತ್ತಿರಬೇಕು. ಹಾಗಾದರೆ ಹನ್ನೆರಡೂ ಕನ್ನಡವೇ ಇರೋ ಒಂದು ಆಲ್ಬಂ ಯಾಕೆ ಬರಬಾರದು? ಅದನ್ನು ಸ್ಟುಡಿಯೋದಲ್ಲಿ ಇಸ್ತ್ರಿ ಮಾಡದೆ, ಮೈದಾನದಲ್ಲೇ, ಜನರ ದನಿ ಸಮೇತ ಯಾಕೆ ಹಿಡಿಯಬಾರದು? ಶರೀಫರೇ ಆಗಬೇಕೆಂದಿಲ್ಲ. ಕಣ್ಣೆದುರು ಬಂದ ಗಿರಣಿಯ ಮೇಲೂ ಪದ ಕಟ್ಟಿದ ಮನುಷ್ಯ ಅವರು. ಅವರಂತೆ ಹೊಸ ಪದ ಕಟ್ಟೋ ಹುಡುಗರೂ ಬರಲಿ.

ತಾಳಕ್ಕಂತೂ ನಮ್ಮಲ್ಲಿ ಬರ ಇಲ್ಲ. ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆ ಸಿದ್ದಿಯರ ದಮಾಮಿ ಕೇಳಿದ್ದೀರಾ? ಒಂದು ಢೋಲು, ಸುತ್ತ ಹೆಂಗಸರು, ಒಬ್ಬಾಕೆ ಹೇಳೋದು, ಉಳಿದವರು ಎತ್ತಿಕೊಳ್ಳೋದು. ಅದೇ ಲೆಕ್ಕ! ಡ್ರಮ್ಸ್ ಕಲಿಯೋಕೆ ಯೂಟ್ಯೂಬ್‌ನಲ್ಲಿ ಅಮೆರಿಕದವನ ಮುಂದೆ ಕೂರೋ ನಮ್ಮ ಹುಡುಗರು ಒಂದು ಸಲ ಆ ವಾಡಗಳಿಗೆ ಹೋಗಿ ಕೂತು ಬರಲಿ.

ಸಿನಿಮಾ 'ನೈಟ್'ಗಳ ವಿಷಯ ಒಂದೇ ಸಾಲಿನಲ್ಲಿ ಮುಗಿಸ್ತೀನಿ: ಸ್ಟಾರ್ ಬರ್ತಾರೆ, ಟ್ರ್ಯಾಕ್ ಓಡತ್ತೆ, ತುಟಿ ಆಡತ್ತೆ, ಮೈಕ್ ಆಫ್ ಇದ್ದರೂ ಹಾಡು ಕೇಳತ್ತೆ. ಸಾವಿರ ರೂಪಾಯಿ ಟಿಕೆಟ್ ಕೊಟ್ಟ ನಮಗೆ ಅದು ಗೊತ್ತು, ಗೊತ್ತಿದ್ದೂ ಶಿಳ್ಳೆ ಹೊಡೀತೀವಿ. ಅದೇ ದುಡ್ಡಿಗೆ ಬ್ಯಾಂಡ್ ನೋಡಿ ಬನ್ನಿ ಅಂದರೆ "ಯಾರು ಹೀರೋ?" ಅಂತೀವಿ.

ನಮ್ಮೂರ ಗಣಪತಿ ಹಬ್ಬದ ಆರ್ಕೆಸ್ಟ್ರಾ ಕೂಡ ಹಾಗೇ ಆಗಿತ್ತು. ಲ್ಯಾಪ್‌ಟಾಪ್‌ನಿಂದ ಟ್ರ್ಯಾಕ್ ಬಿಡೋದು, ಮೇಲೆ ಹಾಡೋದು. ಈ ಸಲ ಐದು ಹುಡುಗರು ಟ್ರ್ಯಾಕ್ ಬ್ಯಾಡ ಅಂತ ಹಟ ಹಿಡಿದಿದ್ದಾರೆ. ಎರಡು ಗಿಟಾರು, ಒಂದು ಹಳೇ ಕೀಬೋರ್ಡು, ಒಂದು ಢೋಲಕಿ, ಬಾಡಿಗೆಗೆ ತಂದ ಡ್ರಮ್ಸ್. ಪಟ್ಟಿಯಲ್ಲಿ ಮೊದಲ ಹಾಡು 'ಸಂತೋಷಕ್ಕೆ', ಕೊನೆಯದು 'ಸೋರುತಿಹುದು'. ಡ್ರಮ್ಸ್ ಹುಡುಗನ ಮನೆಮಾತು ಕೊಂಕಣಿ, ಕನ್ನಡ ಓದೋಕೆ ತಡವರಿಸ್ತಾನೆ. ಪದವನ್ನೆಲ್ಲ ದೇವನಾಗರಿಯಲ್ಲಿ ಬರೆದು ಡ್ರಮ್ಸ್ ಪಕ್ಕ ಅಂಟಿಸಿಕೊಂಡಿದ್ದಾನೆ. ಮಳೆಗೆ ತೇವ ಹಿಡಿದು ಕೀಬೋರ್ಡಿನ ಅಡಾಪ್ಟರ್ ಹೋಗಿದೆ. ಲೋಂಡಾ, ರಾಮನಗರ, ದಾಂಡೇಲಿ ಕಡೆ ಯಾರ ಹತ್ತಿರವಾದರೂ 12 ವೋಲ್ಟಿನದ್ದು ಇದ್ದರೆ ಹಬ್ಬಕ್ಕೆ ಮೊದಲು ಗಾರ್ಡ್ ಕೈಯಲ್ಲಿ ಕಳಿಸಿಕೊಡಿ.